ಕಿಲ್ಲೇದಾರನ ಮೌನ

ಸತ್ತವರ ಬಗ್ಗೆ ಕೆಟ್ಟದ್ದನ್ನು ಬರೆಯಬಾರದೆಂದು ಸಂಸ್ಮರಣ ಸಂಪುಟದ ಸಂಪಾದಕರು ನನ್ನನ್ನು ಮೊದಲೇ ಎಚ್ಚರಿಸಿದ್ದಾರೆ. ಬದುಕಿದ್ದಾಗ ಬರೆಯಿರೆಂದು ಯಾರೂ ಕೇಳಲಿಲ್ಲವಾದ್ದರಿಂದ ನನಗೆ ಉಳಿದಿರುವ ಅವಕಾಶ ಇದೊಂದೇ. ಸಂಪಾದಕರು ಸಜ್ಜನರು, ನಾನು ಕನ್ನಡ ಕಲಿಸಿದ ಶಾಲೆಯಲ್ಲಿ ಓದಿದವರು. ಅವರು ನನ್ನಿಂದ ಬಯಸಿದ್ದು ಕಣ್ಣು ತೇವವಾಗುವಂಥ ಒಂದು ಲೇಖನ. ತೀರಿಹೋದ ಮಹನೀಯರ ಜತೆ ದೀರ್ಘಕಾಲ ಕೆಲಸ ಮಾಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ ಎಂಬುದು ಅವರ ವಾದ. ನಿಜ, ಉಳಿದಿದ್ದೇನೆ. ಸುಮ್ಮನೆ ಉಳಿದಿಲ್ಲ.

ಆ ಮಹನೀಯರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕಲಬುರಗಿಯ ಸಾಕಷ್ಟು ಗೋಡೆಗಳ ಮೇಲೆ ಅದು ಈಗಾಗಲೇ ಇದೆ. ಕಮಲಾಪುರದ ವ್ಯಾಪಾರಸ್ಥ ಮನೆತನದಲ್ಲಿ ಹುಟ್ಟಿ, ಬೆಂಗಳೂರಿಗೆ ಹೋಗಿ ನಾಟಕ ಕಲಿತು, ಮರಳಿ ಬಂದು ಕಲಬುರಗಿಯ ಗಾಜಿಪುರ ಓಣಿಯ ಹಿಂಬದಿಯ ಒಂದು ಹಳೆಯ ಗೋದಾಮಿನಲ್ಲಿ ತಂಡ ಕಟ್ಟಿದವರು ಅವರು. ನಮ್ಮ ಕಡೆಯವರು ನಾಟಕ, ಸಿನಿಮಾ ಎಂದು ಏನು ಕನಸು ಕಂಡರೂ ಆಗ ಆ ಗೋದಾಮಿನ ತಗಡಿನ ಬಾಗಿಲನ್ನು ದಾಟಲೇಬೇಕಾಗಿತ್ತು. ದೊಡ್ಡ ನಾಟಕ ಶಾಲೆಯವರು ಈ ಭಾಗದಿಂದ ಯಾರನ್ನಾದರೂ ಸೇರಿಸಿಕೊಳ್ಳುವುದಿದ್ದರೆ ಮೊದಲು ಅವರನ್ನು ಕೇಳುತ್ತಿದ್ದರು. ಒಬ್ಬ ಮನುಷ್ಯನ ಕೈಯಲ್ಲಿ ಅಷ್ಟು ಬಾಗಿಲುಗಳ ಕೀಲಿಕೈ ಇರಬಾರದು. ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಾನು ಸಾಕ್ಷಿ.

ಕಲಿಸುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಇದನ್ನು ನಾನು ಬರೆಯದಿದ್ದರೆ ಮುಂದೆ ಬರೆಯುವುದನ್ನು ಯಾರೂ ನಂಬಲಾರರು. ಒಂದು ಕಬ್ಬಿಣದ ಕುರ್ಚಿಯನ್ನು ಗೋದಾಮಿನ ನಡುವೆ ಇಟ್ಟು, ಹಮಾಲಿ ಮಾಡಿ ದಣಿದವನು ಹೇಗೆ ಕೂರುತ್ತಾನೆ, ಸಾಲ ಕೊಟ್ಟವನು ಹೇಗೆ ಕೂರುತ್ತಾನೆ, ಆಗತಾನೇ ಕೆಟ್ಟ ಸುದ್ದಿ ಕೇಳಿದ ಹೆಂಗಸು ಹೇಗೆ ಕೂರುತ್ತಾಳೆ ಎಂದು ತಾವೇ ಕೂತು ತೋರಿಸುತ್ತಿದ್ದರು. ಆ ಹೆಂಗಸಾಗಿ ಅವರು ಕೂತಾಗ ಆರಡಿಯ ಗಂಡಸಿನ ದೇಹ ಎಲ್ಲಿ ಹೋಯಿತೆಂದು ನಾವು ಬೆರಗಾಗುತ್ತಿದ್ದೆವು. “ಬಾಯಿ ಸುಳ್ಳು ಹೇಳ್ತದ, ಕುಂಡಿ ಸುಳ್ಳು ಹೇಳಂಗಿಲ್ಲ” ಎಂದು ಅವರು ಹೇಳುತ್ತಿದ್ದದ್ದನ್ನು ಸಂಪಾದಕರು ತೆಗೆದುಹಾಕಬಾರದೆಂದು ಕೋರುತ್ತೇನೆ. ಅವರ ಮಾತುಗಳಲ್ಲಿ ನನಗೆ ಇಂದಿಗೂ ಒಪ್ಪಿಗೆಯಾಗುವುದು ಅದೊಂದೇ.

ಅವರ ತಂಡಕ್ಕೊಂದು ವಿಚಿತ್ರ ಪದ್ಧತಿಯಿತ್ತು. ಯಾವ ಪಾತ್ರ ಯಾರದು ಎಂದು ಅವರು ಮೊದಲೇ ಹೇಳುತ್ತಿರಲಿಲ್ಲ. ಒಂದೊಂದು ಪಾತ್ರವನ್ನು ಮೂವರು ಕಲಿಯಬೇಕು. ಮೂವರೂ ಮಾತು ಬಾಯಿಪಾಠ ಮಾಡಬೇಕು, ಮೂವರೂ ನಡೆ ಕಲಿಯಬೇಕು. ಪ್ರಯೋಗದ ಸಂಜೆ, ಬಣ್ಣದ ಕೋಣೆಯಲ್ಲಿ ಮೂವರನ್ನೂ ಸಾಲಾಗಿ ನಿಲ್ಲಿಸಿ, ಕೆಂಪು ಬಣ್ಣದಲ್ಲಿ ಹೆಬ್ಬೆರಳು ಅದ್ದಿ, ಒಬ್ಬರ ಹಣೆಗೆ ಒತ್ತುತ್ತಿದ್ದರು. ಹಣೆ ಕೆಂಪಾದವರು ವೇದಿಕೆಗೆ, ಉಳಿದಿಬ್ಬರು ಕುರ್ಚಿ ಜೋಡಿಸಲಿಕ್ಕೆ. ಪಾತ್ರದ ಮೇಲೆ ಯಾರಿಗೂ ಅಹಂಕಾರ ಬರಬಾರದು, ಅದಕ್ಕೇ ಹೀಗೆ ಎಂದು ಹೇಳುತ್ತಿದ್ದರು. ಅವರ ಸ್ವಂತ ಪಾತ್ರವನ್ನು ಮಾತ್ರ ಬೇರೆ ಯಾರೂ ಕಲಿಯುತ್ತಿರಲಿಲ್ಲ. ಅಹಂಕಾರದ ಭಯ ಅವರಿಗೆ ಇರಲಿಲ್ಲವೆಂದು ಕಾಣುತ್ತದೆ.

ಅವರೇ ಬರೆದ ನಾಟಕವೊಂದಿತ್ತು. ಒಂದು ಕೋಟೆ, ಅದನ್ನು ಕಾಯುವ ಕಿಲ್ಲೇದಾರ, ಅವನ ಹೆಂಡತಿ, ಶತ್ರುವಿಗೆ ಬಾಗಿಲು ತೆಗೆದುಕೊಟ್ಟ ಮಗ. ಕೊನೆಯ ದೃಶ್ಯದಲ್ಲಿ ಬೇಡಿ ತೊಟ್ಟ ಮಗನನ್ನು ಅಪ್ಪನ ಮುಂದೆ ನಿಲ್ಲಿಸುತ್ತಾರೆ. ಅಪ್ಪ ಮರಣದಂಡನೆಯ ತೀರ್ಪು ಹೇಳಬೇಕು. ಕಿಲ್ಲೇದಾರ ಯಾವಾಗಲೂ ಅವರೇ. ಅವನ ಹೆಂಡತಿಯ ಪಾತ್ರಕ್ಕೆ ಕಲಿತ ಮೂವರು ಹುಡುಗಿಯರಲ್ಲಿ ನಾನೊಬ್ಬಳು.

ನಮ್ಮದು ಗಾಜಿಪುರದ ಆಚಾರ್ಯರ ಮನೆ. ಒಳಗೆ ಮರಾಠಿ, ಹೊರಗೆ ಕನ್ನಡ. ಅದನ್ನು ಹಿಡಿದು ತಾಲೀಮಿನಲ್ಲಿ ಎಲ್ಲರೆದುರು ಅವರು, “ಮನ್ಯಾಗ ಒಂದು, ಓಣ್ಯಾಗ ಒಂದು. ನಡುವ ನಿಂದಂತ ಏನರೆ ಅದ ಏನವಾ?” ಎಂದು ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಇದ್ದವರ ಹಣೆಗೆ ಬಣ್ಣ ಬೀಳುವುದಿಲ್ಲವೆಂದು ಎಲ್ಲರಿಗೂ ತಿಳಿದಿತ್ತು. ನನ್ನ ತಂದೆ ಪೂಜೆ ಪುನಸ್ಕಾರದವರಾದರೂ ಕಠೋರರಾಗಿರಲಿಲ್ಲ. ಅವರೊಂದು ಕರಾರು ಹಾಕಿದ್ದರು: ನಾಟಕ ಶಾಲೆಯವರು ನೋಡಲು ಬರುವ ದಿನ ನೀನು ವೇದಿಕೆಯ ಮೇಲಿದ್ದು, ಅವರು ಆರಿಸಿದರೆ, ನಾನೇ ರೈಲು ಹತ್ತಿಸಿ ಬರುತ್ತೇನೆ, ಇಲ್ಲವಾದರೆ ಶಿಕ್ಷಕರ ತರಬೇತಿಗೆ ಸೇರು, ಮತ್ತೆ ಬಣ್ಣದ ಮಾತೆತ್ತಬೇಡ. ನ್ಯಾಯವಾದ ಕರಾರು. ನಾನು ಒಪ್ಪಿದ್ದೆ.

ನಾಟಕ ಶಾಲೆಯವರು ನೋಡಲು ಬಂದರು. ಆ ಸಂಜೆ ಮೂವರೂ ಸಾಲಾಗಿ ನಿಂತೆವು. ನನ್ನ ಎಡಗಡೆ ನಿಂತಿದ್ದ ಹುಡುಗಿಗೆ ಮೂರನೆಯ ಅಂಕದ ಮಾತು ಪೂರ್ತಿ ಬರುತ್ತಿರಲಿಲ್ಲ. ಅವಳ ತಂದೆ ದೊಡ್ಡ ಅಧಿಕಾರಿ. ರಂಗಮಂದಿರ ನಮಗೆ ಸಿಕ್ಕದ್ದು ಅವರ ಒಂದು ಮಾತಿನಿಂದ. ಹೆಬ್ಬೆರಳು ನನ್ನ ಹಣೆಯ ಹತ್ತಿರಕ್ಕೆ ಬಂತು. ಬಣ್ಣದ ವಾಸನೆ ಮೂಗಿಗೆ ತಾಗುವಷ್ಟು ಹತ್ತಿರ. ಅಲ್ಲೊಂದು ಕ್ಷಣ ನಿಂತು ಎಡಕ್ಕೆ ಸರಿಯಿತು. ಆಮೇಲೆ ಅವರು ನನಗೆ ಹೇಳಿದ್ದು ಇಷ್ಟು: “ಆಕಿಗಿ ಮಾತು ಬರಂಗಿಲ್ಲ. ನೀ ಪುಸ್ತಕ ಹಿಡಕೊಂಡು ಪರದೆ ಮಗ್ಗುಲ ಕೂಡು, ಎತ್ತಿ ಕೊಡು.”

ಕೂತೆ. ಪಕ್ಕದ ಪರದೆಯ ಮರೆಯಲ್ಲಿ ಕೂತು, ನನ್ನ ಪಾತ್ರದ ಮಾತುಗಳನ್ನು ಒಂದೊಂದಾಗಿ ಆ ಹುಡುಗಿಯ ಕಿವಿಗೆ ಎತ್ತಿಕೊಟ್ಟೆ. ಶಾಲೆಯವರು ಅವಳನ್ನು ಆರಿಸಿದರು. ಒಂದು ವರ್ಷ ಮುಗಿಯುವ ಮೊದಲೇ ಅವಳು ಕಲಿಕೆ ಬಿಟ್ಟು ಮದುವೆಯಾದಳು. ಅವಳ ಮೇಲೆ ನನಗೆ ಸಿಟ್ಟಿಲ್ಲವೆಂದು ಹೇಳಲಾರೆ. ಇದೆ, ಆದರೆ ಅದು ಎರಡನೆಯ ದರ್ಜೆಯದು.

ನಾನು ಶಿಕ್ಷಕಿಯಾದೆ. ಆದರೂ ಗೋದಾಮಿಗೆ ಹೋಗುವುದನ್ನು ಬಿಡಲಿಲ್ಲ. ಪರದೆಯ ಹಿಂದೆ ಕೂರುವುದಕ್ಕೆ ಮನೆಯಲ್ಲಿ ಆಕ್ಷೇಪವಿರಲಿಲ್ಲ. ಕಾಣದೆ ಇರುವ ಹೆಂಗಸಿನಿಂದ ಯಾವ ಮನೆತನದ ಮರ್ಯಾದೆಯೂ ಹೋಗುವುದಿಲ್ಲ. ಹೀಗೆ ನಾನು ಅವರ ತಂಡದ ಕಾಯಂ ಪ್ರಾಂಪ್ಟರ್ ಆದೆ. ನನ್ನ ನಿಷ್ಠೆಯನ್ನು ಜನ ಕೊಂಡಾಡುತ್ತಿದ್ದರು. ಅದು ನಿಷ್ಠೆಯಾಗಿರಲಿಲ್ಲ. ಆ ಹುಡುಗಿ ಹೋದ ಮೇಲೆ, ತಮ್ಮ ಮಾತನ್ನು ಸರಿಯಾಗಿ ಕಲಿಯದೆ ವೇದಿಕೆ ಹತ್ತುತ್ತಿದ್ದವರು ಇಡೀ ತಂಡದಲ್ಲಿ ಈ ಮಹನೀಯರೊಬ್ಬರೇ ಎಂಬುದನ್ನು ನಾನು ಮೊದಲ ವರ್ಷವೇ ಕಂಡುಕೊಂಡಿದ್ದೆ. ಪ್ರತಿ ಮಾತಿನ ಮೊದಲ ಶಬ್ದ ನನ್ನಿಂದ ಹೋದರೆ ಮಾತ್ರ ಉಳಿದದ್ದು ಅವರ ಬಾಯಿಂದ ಬರುತ್ತಿತ್ತು. ಅರ್ಧ ಬುದ್ಧಿಯನ್ನು ಪರದೆಯ ಹಿಂದೆ ಕೂರಿಸಿದ್ದೇನೆ ಎಂದು ತಮಾಷೆ ಮಾಡುತ್ತಿದ್ದರು. ಎಂದಾದರೊಂದು ದಿನ ಆ ಅರ್ಧ ಬುದ್ಧಿ ಅವರಿಗೆ ಸಿಗಬಾರದು. ಆ ದಿನ ನಾನು ಅಲ್ಲಿರಬೇಕು. ಇದಕ್ಕಾಗಿ ಕಾದೆ.

ಈ ನಡುವೆ ಅವರು ಮಾಡಿದ ಸಣ್ಣ ಅವಮಾನಗಳೆಲ್ಲ ನನ್ನ ನೆನಪಿನಲ್ಲಿವೆ. ನನ್ನ ಮದುವೆಗೆ ಬಂದವರು, ತಾಲೀಮು ತಪ್ಪಿಸಿದ್ದಕ್ಕೆ ಅಕ್ಷತೆ ಹಾಕುವಾಗಲೇ ಗದರಿದರು. ಕರಪತ್ರದಲ್ಲಿ ನನ್ನ ಹೆಸರು ಒಮ್ಮೆ ಬಂತು, ಕುರ್ಚಿ ಒದಗಿಸಿದವರ ಹೆಸರಿನ ಕೆಳಗೆ. ನನ್ನ ತಂದೆ ತೀರಿದ ವಾರ ನಾಟಕದ ಪುಸ್ತಕ ಕೇಳಲು ಮನೆಗೆ ಬಂದರು; ನನಗಾಗಿ ಬಂದಿರಲಿಲ್ಲ, ಪುಸ್ತಕಕ್ಕಾಗಿ. ಶಿಕ್ಷಕಿಯನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಹೊಸಬರಿಗೆ ನನ್ನನ್ನು ಪರಿಚಯಿಸುವಾಗ, “ಇವರು ಅಕ್ಕೋರು. ಇವರಿಗಿ ಅಭಿನಯ ಬರಂಗಿಲ್ಲ, ಓದ್ಲಿಕ್ಕಿ ಬರ್ತದ” ಎನ್ನುತ್ತಿದ್ದರು. ಅಭಿನಯ ಬರುವುದಿಲ್ಲವೆಂದು ತಿಳಿಯಲು ಅವರು ನನ್ನನ್ನು ಎಂದಾದರೂ ವೇದಿಕೆ ಹತ್ತಿಸಿದ್ದರೇ ಎಂದು ಯಾರೂ ಕೇಳಲಿಲ್ಲ.

ಕಾದ ದಿನ ಬಂದದ್ದು ಅವರ ಅಭಿನಂದನೆಯ ಸಂಜೆ. ನಾನು ಆಗ ನಿವೃತ್ತಿಯ ಹೊಸ್ತಿಲಲ್ಲಿದ್ದೆ. ಊರಿನ ಗಣ್ಯರು ಸೇರಿದ್ದರು. ಬೆಂಗಳೂರಿನಿಂದ ಧಾರಾವಾಹಿಗಳ ನಿರ್ದೇಶಕರೊಬ್ಬರು ಅತಿಥಿಯಾಗಿ ಬಂದಿದ್ದರು. ಮೊದಲು ಸನ್ಮಾನ, ನಂತರ ಅದೇ ಕೋಟೆಯ ನಾಟಕ. ಸನ್ಮಾನಕ್ಕೆ ಉತ್ತರವಾಗಿ ಅವರು ಎಲ್ಲರನ್ನೂ ನೆನೆದರು. ದೀಪ ಹಿಡಿದವನನ್ನು, ಚಹಾ ತಂದವನನ್ನು, ಗೋದಾಮಿನ ಮಾಲೀಕನನ್ನು, ಆ ತಗಡಿನ ಬಾಗಿಲನ್ನು ಕೂಡ. ನನ್ನನ್ನು ನೆನೆಯಲಿಲ್ಲ. ಮರೆವು ಎಂದು ನಾನು ಆಗಲೂ ಕ್ಷಮಿಸಬಹುದಾಗಿತ್ತೇನೋ. ಆದರೆ ಕೊನೆಗೆ ಎದೆ ಮುಟ್ಟಿಕೊಂಡು ಹೀಗೆಂದರು: “ಇಷ್ಟು ವರ್ಷದಾಗ ಸ್ಟೇಜಿನ ಮ್ಯಾಲ ನಾ ಒಂದು ಮಾತು ಮರ್ತವ ಅಲ್ಲ. ಇದು ಶರಣರ ಆಶೀರ್ವಾದ.”

ಪರದೆಯ ಪಕ್ಕ, ಮಡಿಸುವ ಕುರ್ಚಿಯ ಮೇಲೆ, ಕೈದೀಪದ ಬೆಳಕಿನಲ್ಲಿ ಪುಸ್ತಕ ಹಿಡಿದು ಕೂತಿದ್ದ ನನಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಕೊನೆಯ ದೃಶ್ಯದವರೆಗೆ ಎಲ್ಲವನ್ನೂ ಎತ್ತಿಕೊಟ್ಟೆ. ಮಗನನ್ನು ಬೇಡಿಯಲ್ಲಿ ತಂದು ನಿಲ್ಲಿಸಿದರು. ಕಿಲ್ಲೇದಾರ ಎದ್ದು ನಿಂತ. ಇಲ್ಲಿ ತೀರ್ಪಿನ ದೀರ್ಘ ಮಾತು. “ಸಾಕಿದ ಕೈಗಳೇ” ಎಂದು ಅದು ಶುರುವಾಗುತ್ತದೆ. ನಾನು ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ.

ಅವರು ಕಾದರು. ಮಗನ ಬೇಡಿಯನ್ನು ಮುಟ್ಟಿದರು. ಪ್ರೇಕ್ಷಕರ ಕಡೆ ನೋಡಿದರು. ಕಡೆಗೆ ಮುಖ ತಿರುಗಿಸಿ ನನ್ನತ್ತ ನೋಡಿದರು. ಆ ಕಣ್ಣಲ್ಲಿ ಏನಿತ್ತೆಂದು ಹೇಳಬಲ್ಲವಳು ಲೋಕದಲ್ಲಿ ನಾನೊಬ್ಬಳೇ. ಅದರಲ್ಲಿ ಪುತ್ರಶೋಕವಿರಲಿಲ್ಲ, ಧರ್ಮಸಂಕಟವಿರಲಿಲ್ಲ. ಒಂದು ಶಬ್ದ ಕೊಡು ಎಂಬ ಭಿಕ್ಷೆಯಿತ್ತು. ನಾನು ಕೊಡಲಿಲ್ಲ. ಅವರ ಕಣ್ಣುಗಳು ತುಂಬಿದವು. ಕೊನೆಗೆ ಅವರು ರುಮಾಲನ್ನು ತೆಗೆದು ಮಗನ ಕಾಲ ಬಳಿ ಇಟ್ಟು, ಒಂದೂ ಮಾತಿಲ್ಲದೆ, ನಾನು ಕೂತ ಕಡೆಗೇ ನಡೆದು ಒಳಗೆ ಬಂದರು. ತೆರೆ ಬಿತ್ತು.

ಇವರ ಹೆಸರು ಮಣ್ಣುಪಾಲಾಯಿತು ಎಂದುಕೊಂಡೆ. ಹೊರಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅವರು ಪಕ್ಕಕ್ಕೆ ತಿರುಗಿ ನೋಡುತ್ತಿರುವ ಚಿತ್ರ. ಕೆಳಗೆ, ತೀರ್ಪನ್ನು ನುಂಗಿದ ತಂದೆಯ ಮೌನ, ಕನ್ನಡ ರಂಗಭೂಮಿಗೆ ಈ ನಟ ಕೊಟ್ಟ ಕಾಣಿಕೆ ಎಂಬ ಅರ್ಥದ ಬರಹಗಳು. ಬೆಂಗಳೂರಿನ ಆ ನಿರ್ದೇಶಕರು ಅವರನ್ನು ಕರೆಸಿಕೊಂಡು, ಮೌನವ್ರತ ಹಿಡಿದ ಅಜ್ಜನ ಪಾತ್ರ ಕೊಟ್ಟರು. ಸಂಜೆಯ ಧಾರಾವಾಹಿಯಲ್ಲಿ ಕಲಬುರಗಿಯ ಮನೆಮನೆಗಳಲ್ಲಿ ಅವರು ಮಾತಾಡದೆ ಕೂತಿರುತ್ತಿದ್ದರು. ಬಾಯಿಪಾಠದ ಗೋಜಿಲ್ಲದ ಪಾತ್ರ. ಅದಕ್ಕಿಂತ ಅವರಿಗೆ ಒಗ್ಗುವುದು ಬೇರೊಂದು ಇರಲಿಲ್ಲ. ಆಮೇಲೆ ಎರಡು ಮೂರು ಸಿನಿಮಾಗಳೂ ಬಂದವು. ಅಭಿನಯ ಶಿಬಿರಗಳಲ್ಲಿ ಮೌನವನ್ನು ಕುರಿತು ಉಪನ್ಯಾಸ ಕೊಡತೊಡಗಿದರು. ಮಾತನ್ನು ಬಿಟ್ಟುಕೊಡಲು ವರ್ಷಗಳ ಸಾಧನೆ ಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿದರಂತೆ. ನನ್ನ ಸೇಡನ್ನು ಅವರು ತಮ್ಮ ಸಾಧನೆ ಮಾಡಿಕೊಂಡರು.

ಅದೇ ನಾಟಕವನ್ನು ಅವರ ಹುಟ್ಟೂರಿನಲ್ಲಿ ಆಡುವುದೆಂದಾಯಿತು. ಕಮಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅವರು ಎದ್ದು ಬಂದು ನನ್ನ ಪಕ್ಕ ಕೂತರು. ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡುತ್ತ ಸಹಜವಾಗಿ ಹೇಳಿದರು: “ಅಕ್ಕೋರ, ಆ ತೀರ್ಪಿನ ಮಾತು ಇನ್ನ ಕೊಡಬ್ಯಾಡ್ರಿ. ಅವತ್ತ ಹೆಂಗ ಸುಮ್ಮ ಕೂತ್ರಿ, ಹಂಗೇ ಕೂಡ್ರಿ.”

ಅಂದರೆ ಅವರಿಗೆ ತಿಳಿದಿತ್ತು. ತಿಳಿದೂ ಅದನ್ನು ನನಗೆ ಕೆಲಸವಾಗಿ ಒಪ್ಪಿಸುತ್ತಿದ್ದರು. ನಾನು ಆಗಲಿ ಎಂದೆ.

ಸಂತೆಯ ಬಯಲಿನಲ್ಲಿ ವೇದಿಕೆ. ಹೊಲದ ಕೆಲಸ ಮುಗಿಸಿ ಬಂದ ಜನ, ಮುಂದಿನ ಸಾಲಿನಲ್ಲಿ ಅವರ ಅತ್ತಿಗೆ, ತಮ್ಮಂದಿರು, ಸೋದರಳಿಯರು. ಕೊನೆಯ ದೃಶ್ಯ ಬಂತು. ಅವರು ಎದ್ದು, ಅಭ್ಯಾಸವಾದ ರೀತಿಯಲ್ಲಿ ಬೇಡಿ ಮುಟ್ಟಿ, ಅಭ್ಯಾಸವಾದ ರೀತಿಯಲ್ಲಿ ನನ್ನತ್ತ ಮುಖ ತಿರುಗಿಸಿದರು. ನಾನು ಕುರ್ಚಿಯಿಂದ ಎದ್ದೆ. “ಸಾಕಿದ ಕೈಗಳೇ” ಎಂದು ಆರಂಭಿಸಿ, ತೀರ್ಪಿನ ಮಾತನ್ನು ಪೂರ್ತಿಯಾಗಿ, ಕಟ್ಟಕಡೆಯ ಸಾಲಿನವರಿಗೂ ಕೇಳುವ ದನಿಯಲ್ಲಿ ನುಡಿದೆ. ಪ್ರಾಂಪ್ಟರ್ ಪಿಸುಗುಟ್ಟಬೇಕು, ನಾನು ಆ ದಿನ ಪಿಸುಗುಟ್ಟಲಿಲ್ಲ. ಮಾತು ಮರೆತ ಕಿಲ್ಲೇದಾರನಿಗೆ ಒಬ್ಬ ಹೆಂಗಸು ಒಳಗಿನಿಂದ ಹೇಳಿಕೊಡುತ್ತಿದ್ದಾಳೆಂದು ಅವನ ಊರಿನವರೇ ನಕ್ಕು ಬೀಳಲಿ ಎಂಬುದು ನನ್ನ ಎಣಿಕೆ.

ಯಾರೂ ನಗಲಿಲ್ಲ. ನನ್ನ ಎರಡನೆಯ ವಾಕ್ಯಕ್ಕೇ ಅವರು ಮೊಣಕಾಲೂರಿದರು. ಮೂರನೆಯದಕ್ಕೆ ತಲೆ ಬಾಗಿಸಿ, ದನಿ ಬಂದ ದಿಕ್ಕಿಗೆ ಕೈಮುಗಿದರು. ಕೋಟೆಯೇ ತೀರ್ಪು ಹೇಳುತ್ತಿದೆ, ಕಾವಲುಗಾರ ಕೇಳುತ್ತಿದ್ದಾನೆ ಎಂಬಂತೆ. ಅಷ್ಟು ಬೇಗ, ಅಷ್ಟು ಚೆನ್ನಾಗಿ. ದ್ವೇಷದಿಂದಲೇ ನೋಡುತ್ತಿದ್ದ ನನಗೂ ರೋಮಾಂಚನವಾಯಿತೆಂದು ಬರೆಯಬೇಕಾಗಿ ಬಂದದ್ದು ನನ್ನ ದುರ್ದೈವ. ಆದರೆ ಆ ಹೊತ್ತು ನನಗೆ ಇನ್ನೂ ಒಂದು ಸಂಗತಿ ತಿಳಿದಿತ್ತು: ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಬಯಲಿನ ತುಂಬ ಜನ ನನ್ನ ದನಿಯನ್ನು ಕೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಕೆಂಪು ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಅವರ ಬಳಿ ಬಂದಳು.

“ಸಾವ್ಕಾರ, ನಿನ್ನಿ ಒಳಗಿಂದ ಮಾತಾಡ್ದಾಕಿ ಯಾರ್ರಿ? ಎದಿ ಝಲ್ ಅಂತ್ರಿ.”

ಅವರು ನನ್ನ ಕಡೆ ನೋಡಲಿಲ್ಲ.

“ಟೇಪ್ ಅದವಾ ಅದು” ಎಂದರು. “ಬೆಂಗಳೂರಿಂದ ತರ್ಸೀವಿ.”

ಟೇಪಿನ ಮೇಲಿನ ಅಭಿಮಾನಕ್ಕೆ ಅವಳು ಅವರಿಗೆ ಎರಡು ಹಣ್ಣು ಕೊಟ್ಟಳು. ಅವರು ಒಂದನ್ನು ನನ್ನ ಕೈಗಿಟ್ಟರು. ನಾನು ಅದನ್ನು ಅಲ್ಲೇ ನಿಂತಿದ್ದ ಆಡಿಗೆ ತಿನ್ನಿಸಿ, ಬೇರೆ ಬಸ್ಸು ಹತ್ತಿ ಊರಿಗೆ ಬಂದೆ. ಆಮೇಲೆ ಆ ಗೋದಾಮಿನ ಹೊಸ್ತಿಲು ತುಳಿಯಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರಿಗೆ ಕಾಯಿಲೆ ಬಲಿಯಿತೆಂದು ಕೇಳಿದಾಗ ನೋಡಲು ಹೋದೆ. ಶರಣಸಿರಸಗಿ ಕಡೆಯ ಹೊಸ ಬಡಾವಣೆಯಲ್ಲಿ ಮಗನ ಮನೆ. ಕರುಣೆಯಿಂದ ಹೋದೆನೆಂದು ಯಾರೂ ತಿಳಿಯಬಾರದು. ಅವರ ಬಾಯಿಂದ ಒಂದು ಮಾತು ಬರಬೇಕಿತ್ತು, ಅದನ್ನು ಕೇಳಲು ಹೋದೆ. ಮೂಳೆ ಚರ್ಮವಾಗಿದ್ದ ಮನುಷ್ಯ ನನ್ನನ್ನು ಕಂಡು ಸೊಸೆಗೆ ಚಹಾ ಹೇಳಿದರು. ನಾನು ಸುತ್ತು ಬಳಸದೆ, ಆ ಮೌನ ಯಾರದು ಎಂದು ಕೇಳಿದೆ.

“ನಿಮ್ದ್ರಿ” ಎಂದರು, ಸ್ವಲ್ಪವೂ ತಡೆಯದೆ. “ಪುಸ್ತಕ ಮುಚ್ಚಿದ ಸಪ್ಪಳ ನನಗ ಕೇಳ್ಸಿತ್ತು.”

“ಕಮಲಾಪುರದಾಗಿನ ದನಿ?”

“ಅದೂ ನಿಮ್ದೇ.”

“ಹಂಗಾರ ಒಂದ್ಸಲರೆ ಯಾಕ ಹೇಳಲಿಲ್ಲ ನೀವು?”

ಏನೂ ತಿಳಿಯದ ಮಗುವಿಗೆ ತಿಳಿಹೇಳುವವರ ಹಾಗೆ, ಬೇಸರವಿಲ್ಲದೆ ಹೇಳಿದರು: “ಹೇಳಿದ್ರ ಚಪ್ಪಾಳಿ ನಿಮಗ ಹೋಗ್ತಿದ್ದುವಲ್ಲ, ಅಕ್ಕೋರ.”

ನನಗೆ ನಗು ಬಂತು. ನಕ್ಕೆ. ಅವರೂ ನಕ್ಕು ಕೆಮ್ಮಿದರು. ಚಹಾ ಕುಡಿದು ಬಂದೆ. ಕ್ಷಮಿಸಿ ಬರಲಿಲ್ಲ. ತಪ್ಪನ್ನು ತಪ್ಪೆಂದು ತಿಳಿಯದೆ ಒಪ್ಪಿಕೊಂಡವರನ್ನು ಕ್ಷಮಿಸುವ ವಿಧಾನ ನನಗೆ ತಿಳಿಯದು.

ಈಗ ಅವರ ಹೆಸರಿನಲ್ಲೊಂದು ತರಬೇತಿ ಕೇಂದ್ರ ತೆರೆದಿದ್ದಾರೆ. ನಾಟಕ, ಧಾರಾವಾಹಿ, ಸಿನಿಮಾ ಮೂರಕ್ಕೂ ಹುಡುಗರನ್ನು ಸಿದ್ಧಪಡಿಸುವ ಉದ್ದೇಶ. ಸಮಿತಿಯವರು ಉದ್ಘಾಟನೆಯ ದಿನ ಮುಂದಿನ ಸಾಲಿನಲ್ಲಿ ಕೂರಲು ನನ್ನನ್ನು ಕರೆದರು. ನನಗೆ ಕುರ್ಚಿ ಬೇಡ, ತರಗತಿ ಕೊಡಿ ಎಂದೆ. ತುಸು ತಡವರಿಸಿದರು, ಪ್ರತಿ ವಾರ ಬೆಂಗಳೂರಿನಿಂದ ಬರುವವರು ಯಾರೂ ಸಿಗದಿದ್ದರಿಂದ ಒಪ್ಪಿದರು. ಹುಡುಗ ಹುಡುಗಿಯರು ನಗರದಿಂದಲೂ ಬರುತ್ತಾರೆ, ಕಮಲಾಪುರದ ಬಸ್ಸಿಗೂ ಬರುತ್ತಾರೆ. ಫೋನಿನಲ್ಲಿ ತಮ್ಮದೇ ಅಭಿನಯ ಚಿತ್ರಿಸಿಕೊಂಡು ಯಾರು ಯಾರಿಗೋ ಕಳಿಸುತ್ತಾರೆ, ಕರೆ ಬರಲೆಂದು ಕಾಯುತ್ತಾರೆ. ನನ್ನಲ್ಲಿ ಒಂದು ಪಾತ್ರಕ್ಕೆ ಒಬ್ಬರೇ, ಅದೂ ಮೊದಲ ದಿನವೇ ಹೆಸರು ಹೇಳಿ.

ತರಗತಿಯ ಗೋಡೆಯ ಮೇಲೆ, ಹಾರ ಹಾಕಿ, ಪತ್ರಿಕೆಗಳಲ್ಲಿ ಬಂದ ಆ ಚಿತ್ರವನ್ನೇ ತೂಗುಹಾಕಿದ್ದಾರೆ. ಮೊದಲ ಭಾನುವಾರ ಕಮಲಾಪುರದ ಹುಡುಗಿಯೊಬ್ಬಳು ಅದನ್ನು ತೋರಿಸಿ, “ಅಕ್ಕೋರ, ಸರ್ ಅವರ ಆ ಮೌನ ನಮಗೂ ಕಲಸ್ರಿ” ಎಂದಳು. ಉಳಿದವರೂ ತಲೆಯಾಡಿಸಿದರು.

ನಾನು ಚಿತ್ರದ ಕೆಳಗೆ ಹೋಗಿ ನಿಂತೆ. “ಛಂದ ನೋಡ್ಕೋರಿ” ಎಂದೆ. “ಇದು ಅಭಿನಯ ಅಲ್ಲ. ಮಾತು ಕಲೀಲಾರದ ಸ್ಟೇಜ್ ಹತ್ತಿದವರ ಮುಖ ಹಿಂಗಿರ್ತದ.” ಆಮೇಲೆ ಅವರು ಯಾರ ಕಡೆ ನೋಡುತ್ತಿದ್ದಾರೆ, ಏನು ಬೇಡುತ್ತಿದ್ದಾರೆ, ಪರದೆಯ ಪಕ್ಕ ಕೂತವಳು ಯಾಕೆ ಕೊಡಲಿಲ್ಲ ಎಂಬುದನ್ನೆಲ್ಲ ಆರಂಭದಿಂದ ಹೇಳಿದೆ. ಹುಡುಗರು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ.

ಪ್ರತಿ ಹೊಸ ತಂಡಕ್ಕೂ ಮೊದಲ ಪಾಠ ಇದೇ ಆಗಿರುತ್ತದೆ. ಈ ಮಕ್ಕಳು ನಾಳೆ ಸಿನಿಮಾಕ್ಕೆ ಹೋಗಲಿ, ಧಾರಾವಾಹಿಗೆ ಹೋಗಲಿ, ಆ ಮಹನೀಯರನ್ನು ನೆನೆಯುವಾಗ ಹಾಗೆಯೇ ನಗುತ್ತ ನೆನೆಯುತ್ತಾರೆ. ಮಂಡಿ ನೋವಿದ್ದರೂ ಮೆಟ್ಟಿಲು ಹತ್ತಿ, ಒಂದು ಭಾನುವಾರವನ್ನೂ ತಪ್ಪಿಸದೆ ನಾನು ಅಲ್ಲಿಗೆ ಹೋಗುತ್ತಿರುವುದು ಅದಕ್ಕೆ.